ಐನೂರರಿಂದ ನಾಲ್ಕು ಸಾವಿರದೊಳಗೆ: ದಿನಬಳಕೆಗೆ ಇಯರ್‌ಬಡ್, ಹೆಡ್‌ಫೋನ್ ಆರಿಸುವ ಬಗೆ

ಇಯರ್‌ಬಡ್ ಡಬ್ಬಿಯ ಮೇಲೆ ದಪ್ಪಕ್ಷರದಲ್ಲಿ ಅಚ್ಚಾಗಿರುವ ಅಂಕಿಗಳನ್ನು ನೋಡಿ ಕೊಂಡವರಿಗೆ ಬಹುತೇಕ ಸಲ ನಿರಾಸೆಯೇ ಆಗುತ್ತದೆ. 50 ಗಂಟೆ ಬ್ಯಾಟರಿ, 13 ಎಂಎಂ ಡ್ರೈವರ್, ಬ್ಲೂಟೂತ್ 5.4, 40 ಮಿಲಿಸೆಕೆಂಡ್ ಲೇಟೆನ್ಸಿ. ಇವೇನೂ ಅಪ್ಪಟ ಸುಳ್ಳಲ್ಲ. ಆದರೆ ದಿನಾ ಬಳಸುವಾಗ ಕಾಡುವ ಪ್ರಶ್ನೆಗಳೇ ಬೇರೆ: ಕಿವಿಯಲ್ಲಿ ನೋವಿಲ್ಲದೆ ಕೂರುತ್ತದೆಯೇ? ಫೋನಿನ ಆ ಕಡೆ ಇರುವವರಿಗೆ ನಿಮ್ಮ ಮಾತು ಕೇಳಿಸುತ್ತದೆಯೇ? ಎರಡು ವರ್ಷ ಕಳೆದ ಮೇಲೂ ಚಾರ್ಜ್ ನಿಲ್ಲುತ್ತದೆಯೇ? ಕೆಟ್ಟರೆ ಯಾರ ಹತ್ತಿರ ಒಯ್ಯುವುದು? ಇವಕ್ಕೆ ಡಬ್ಬಿಯ ಮೇಲೆ ಉತ್ತರ ಇರುವುದಿಲ್ಲ. ಕೆಳಗೆ ಹೇಳುವ ಬೆಲೆಗಳೆಲ್ಲ ಅಂದಾಜು. ಹಬ್ಬದ ಸೇಲ್ ಬಂದಾಗ ಮುನ್ನೂರು ನಾನೂರು ರೂಪಾಯಿ ಆಚೀಚೆ ಆಗುವುದು ಮಾಮೂಲು.

ಮೊದಲು ಬಳಕೆ, ಆಮೇಲೆ ಬಗೆ

ವೈರ್ ಇಯರ್‌ಫೋನ್ ಹಳೆಯದಾಯಿತು ಎಂದು ಮೂಗು ಮುರಿಯಬೇಡಿ. ಐನೂರರಿಂದ ಎಂಟುನೂರು ರೂಪಾಯಿಯೊಳಗೆ ಸಿಗುವ ಜೆಬಿಎಲ್ ಸಿ100ಎಸ್‌ಐ ತರಹದ ಸಾಮಾನ್ಯ ವೈರ್ ಇಯರ್‌ಫೋನ್, ಅದೇ ಬೆಲೆಯ ಯಾವ ಬ್ಲೂಟೂತ್ ಬಡ್‌ಗಿಂತಲೂ ಚೆನ್ನಾಗಿ ಹಾಡುತ್ತದೆ. ಕಾರಣ ಸರಳ. ಕೊಟ್ಟ ಹಣದಲ್ಲಿ ಬ್ಯಾಟರಿ, ಚಿಪ್, ಚಾರ್ಜಿಂಗ್ ಕೇಸ್ ಯಾವುದಕ್ಕೂ ಪಾಲು ಹೋಗುವುದಿಲ್ಲ. ಚಾರ್ಜ್ ಚಿಂತೆ ಇಲ್ಲ, ತಡವಾಗಿ ಕೇಳಿಸುವ ತೊಂದರೆ ಇಲ್ಲ, ಮೈಕ್ ಬಾಯಿಯ ಪಕ್ಕದಲ್ಲೇ ತೂಗುತ್ತಿರುವುದರಿಂದ ಕರೆಯೂ ಸ್ಪಷ್ಟ. ಎಫ್‌ಎಂ ಕೇಳುವವರಿಗಂತೂ ವೈರೇ ಗತಿ: ಫೋನಿನ ಎಫ್‌ಎಂ ರೇಡಿಯೊಗೆ ಇಯರ್‌ಫೋನ್ ವೈರೇ ಆಂಟೆನಾ. ಮಕ್ಕಳ ಆನ್‌ಲೈನ್ ಕ್ಲಾಸಿಗೆ, ರಾತ್ರಿ ಟ್ಯಾಬ್‌ನಲ್ಲಿ ಸಿನಿಮಾ ನೋಡುವುದಕ್ಕೆ, ಕಂಪ್ಯೂಟರ್ ಮುಂದೆ ಕೂತು ಮೀಟಿಂಗ್ ಮಾಡುವುದಕ್ಕೆ ಇಷ್ಟು ಸಾಕು.

ವೈರ್ ಕೆಡುವ ಜಾಗ ಮೂರೇ: ಪಿನ್ನಿನ ಕುತ್ತಿಗೆ, ಎರಡಾಗಿ ಕವಲೊಡೆಯುವ ಕಡೆ, ಕಿವಿಯ ತುಂಡಿಗೆ ವೈರ್ ಸೇರುವ ಬುಡ. ಕೊಳ್ಳುವಾಗ ಈ ಮೂರು ಕಡೆ ರಬ್ಬರ್ ತೋಳು ಮೆತ್ತಗೆ, ಉದ್ದಕ್ಕೆ ಇದೆಯೇ ಎಂದು ಬಗ್ಗಿಸಿ ನೋಡಿ. ಗಟ್ಟಿ ಪ್ಲಾಸ್ಟಿಕ್ ತೋಳಾದರೆ ವೈರ್ ಅದರ ಅಂಚಿನಲ್ಲೇ ಮುರಿಯುತ್ತದೆ. ಫೋನ್ ಪ್ಯಾಂಟ್ ಜೇಬಿನಲ್ಲಿ ಇಡುವವರು ಎಲ್ ಆಕಾರದ ಪಿನ್ ತೆಗೆದುಕೊಂಡರೆ ಹೆಚ್ಚು ಬಾಳಿಕೆ.

ಫೋನಿನಲ್ಲಿ 3.5 ಎಂಎಂ ಜ್ಯಾಕ್ ಇಲ್ಲದಿದ್ದರೆ ಟೈಪ್-ಸಿ ಕನೆಕ್ಟರ್ ಬೇಕಾಗುತ್ತದೆ. ಮೋಸ ಹೋಗುವುದು ಇಲ್ಲೇ. ಅಂಗಡಿಯಲ್ಲಿ ನೂರು ರೂಪಾಯಿಗೆ ಸಿಗುವ ಕನೆಕ್ಟರ್ ಒಳಗೆ ಬರೀ ತಂತಿ ಇರುತ್ತದೆ. ಫೋನೇ ಆ ಪೋರ್ಟಿನಿಂದ ಅನಲಾಗ್ ಧ್ವನಿ ಕೊಟ್ಟರೆ ಮಾತ್ರ ಅದು ಕೆಲಸ ಮಾಡುತ್ತದೆ. ಈಗಿನ ಹಲವು ಫೋನುಗಳು ಕೊಡುವುದಿಲ್ಲ. ಡ್ಯಾಕ್ ಚಿಪ್ (ಫೋನಿನ ಡಿಜಿಟಲ್ ಸಂಕೇತವನ್ನು ಧ್ವನಿಯಾಗಿಸುವುದು) ಇರುವ ಕನೆಕ್ಟರ್ ನಾನೂರರಿಂದ ಒಂಬೈನೂರರವರೆಗೆ ಇದ್ದರೂ ಹೆಚ್ಚುಕಡಿಮೆ ಎಲ್ಲ ಫೋನಿಗೂ ಹೊಂದುತ್ತದೆ. "ಡ್ಯಾಕ್ ಇರೋದು ಕೊಡಿ" ಎಂದೇ ಕೇಳಿ. ಅಂಗಡಿಯಲ್ಲೇ ನಿಮ್ಮ ಫೋನಿಗೆ ಹಾಕಿ ಹಾಡು ಹಚ್ಚಿ, ಜೊತೆಗೆ ಒಂದು ಕರೆಯನ್ನೂ ಮಾಡಿ. ಹಾಡು ಬಂದು ಮೈಕ್ ಕೆಲಸ ಮಾಡದ ಕನೆಕ್ಟರುಗಳು ಬೇಕಾದಷ್ಟಿವೆ.

ಸಂಗೀತವೇ ಮುಖ್ಯ ಎನ್ನುವವರು ಸಾವಿರದಿಂದ ಎರಡು ಸಾವಿರದೊಳಗಿನ ಐಇಎಂ (ಸಂಗೀತಗಾರರು ವೇದಿಕೆಯಲ್ಲಿ ಹಾಕಿಕೊಳ್ಳುವಂಥ, ಕಿವಿಯೊಳಗೆ ಬಿಗಿಯಾಗಿ ಕೂರುವ ವೈರ್ ಇಯರ್‌ಫೋನ್) ನೋಡಬೇಕು. ಕೆಜೆಡ್, ಮೂನ್‌ಡ್ರಾಪ್ ಮುಂತಾದ ಕಂಪನಿಗಳ ಇವುಗಳಲ್ಲಿ ವೈರನ್ನು ಕಿವಿಯ ಹಿಂದಿನಿಂದ ಸುತ್ತಿ ಹಾಕಿಕೊಳ್ಳಬೇಕು. ಹೆಚ್ಚಿನ ಮಾದರಿಗಳಲ್ಲಿ ಕೇಬಲ್ ಕಳಚಿ ಬರುತ್ತದೆ. ವೈರ್ ಹೋದರೆ ಎರಡು ಮುನ್ನೂರು ರೂಪಾಯಿ ಕೊಟ್ಟು ಹೊಸ ಕೇಬಲ್ ಹಾಕಿದರೆ ಆಯಿತು, ಇಯರ್‌ಫೋನ್ ಎಸೆಯಬೇಕಿಲ್ಲ. ಆದರೆ ಎರಡು ಪಿನ್ ಕೇಬಲ್‌ಗಳಲ್ಲಿ 0.75 ಮತ್ತು 0.78 ಎಂಎಂ ಎಂಬ ಎರಡು ಅಳತೆ ಇವೆ, ತೂತಿನ ಆಕಾರದಲ್ಲೂ ವ್ಯತ್ಯಾಸ ಇರುತ್ತದೆ. ಮಾದರಿಯ ಹೆಸರು ಹೇಳಿಯೇ ಕೇಬಲ್ ತರಿಸಿ. ಮೈಕ್ ಇರುವುದು, ಇಲ್ಲದಿರುವುದು ಎರಡೂ ಒಂದೇ ಹೆಸರಿನಲ್ಲಿ ಮಾರಾಟ ಆಗುತ್ತವೆ. ಆರ್ಡರ್ ಮಾಡುವಾಗ ಅದನ್ನೂ ನೋಡಿಕೊಳ್ಳಿ.

ದಿನವಿಡೀ ಫೋನಿನಲ್ಲಿ ಮಾತಾಡುವ ಕೆಲಸದವರಿಗೆ (ಡೆಲಿವರಿ, ಸೇಲ್ಸ್, ಸೈಟ್ ಸೂಪರ್‌ವೈಸರ್) ನಮ್ಮ ಓಟು ಕತ್ತಿಗೆ ಪಟ್ಟಿಯಂತೆ ಕೂರುವ ನೆಕ್‌ಬ್ಯಾಂಡಿಗೆ. ಬಡ್ ಒಂದರಲ್ಲಿ 30ರಿಂದ 60 ಎಂಎಎಚ್ ಬ್ಯಾಟರಿ ಇದ್ದರೆ ನೆಕ್‌ಬ್ಯಾಂಡಿನಲ್ಲಿ 150ರಿಂದ 250 ಇರುತ್ತದೆ. ಹಾಗಾಗಿ ಇಡೀ ದಿನ ಕೇಸ್ ಹುಡುಕದೆ ಕೆಲಸ ಮಾಡಬಹುದು. ಕಿವಿಯಿಂದ ಜಾರಿದರೂ ಕತ್ತಿನಲ್ಲೇ ನೇತಾಡುತ್ತದೆ, ಬಸ್ಸಿನಿಂದ ಇಳಿಯುವ ಗಡಿಬಿಡಿಯಲ್ಲಿ ಚರಂಡಿ ಪಾಲಾಗುವುದಿಲ್ಲ. ಬೆಲೆ ಒಂಬೈನೂರರಿಂದ ಹದಿನೆಂಟುನೂರು. ಅದರ ದುರ್ಬಲ ಜಾಗ ಎಂದರೆ ಪಟ್ಟಿಯ ತುದಿಯಿಂದ ಕಿವಿಗೆ ಹೋಗುವ ಸಣ್ಣ ವೈರ್. ಅಂಗಿ ಕಾಲರ್‌ಗೆ ಉಜ್ಜಿ, ಬೆವರು ಇಳಿದು, ವರ್ಷ ಒಂದೂವರೆ ವರ್ಷಕ್ಕೆ ಅಲ್ಲಿ ಧ್ವನಿ ಕಟ್ ಆಗತೊಡಗುತ್ತದೆ.

ಎರಡೂ ಕಿವಿಗೆ ಬಿಡಿಬಿಡಿಯಾಗಿ ಕೂರುವ ಟಿಡಬ್ಲ್ಯೂಎಸ್ ಬಡ್‌ಗಳ ಅನುಕೂಲ ಎಲ್ಲರಿಗೂ ಗೊತ್ತು. ಸಾವಿರದೊಳಗಿನವು ಬೇಡ. ಕರೆಯಲ್ಲಿ ಸೋಲುತ್ತವೆ, ಕೇಸಿನ ಹಿಂಜ್ ಸಡಿಲ, ಬಿಡಿ ಬಡ್ ಕಳೆದರೆ ಒಂದೇ ಸಿಗುವುದಿಲ್ಲ. ಸಾವಿರದ ಐನೂರರಿಂದ ಎರಡೂವರೆ ಸಾವಿರದೊಳಗೆ ಒನ್‌ಪ್ಲಸ್, ರಿಯಲ್‌ಮಿ, ಸಿಎಂಎಫ್, ರೆಡ್‌ಮಿ, ಬೋಟ್, ನಾಯ್ಸ್ ಎಲ್ಲರ ಬಡ್‌ಗಳೂ ಇವೆ, ಕೆಲಸಕ್ಕೆ ಬರುವಂಥವು.

ತಲೆಗೆ ಹಾಕುವ ಹೆಡ್‌ಫೋನ್ ಮನೆಯಿಂದ ಕೆಲಸ ಮಾಡುವವರಿಗೆ, ಓದುವವರಿಗೆ. ಕಿವಿಯ ಮೇಲೆ ಒತ್ತಿ ಕೂರುವುದು ಆನ್-ಇಯರ್, ಇಡೀ ಕಿವಿ ಮುಚ್ಚುವುದು ಓವರ್-ಇಯರ್. ಕನ್ನಡಕದವರಿಗೆ ಆನ್-ಇಯರ್ ಅರ್ಧ ಗಂಟೆಯಲ್ಲೇ ಕಿವಿ ನೋಯಿಸುತ್ತದೆ, ಕನ್ನಡಕದ ಕಡ್ಡಿಗೂ ಕಿವಿಗೂ ನಡುವೆ ಒತ್ತಡ ಬೀಳುವುದರಿಂದ. ಓವರ್-ಇಯರ್ ಮೆತ್ತಗಿದ್ದರೂ ರಾಯಚೂರಿನ ಏಪ್ರಿಲ್‌ನಲ್ಲಿ ಫ್ಯಾನ್ ಕೆಳಗೇ ಕೂತು ಹಾಕಿಕೊಳ್ಳಬೇಕು. ಸೋನಿ ಡಬ್ಲ್ಯೂಎಚ್-ಸಿಎಚ್520 ತರಹದ ನಾಲ್ಕು ಸಾವಿರದ ಆಸುಪಾಸಿನ ಆನ್-ಇಯರ್ ಒಂದೇ ಚಾರ್ಜಿಗೆ ವಾರಕ್ಕೂ ಹೆಚ್ಚು ಬರುತ್ತದೆ. ದಿನಕ್ಕೆ ನಾಲ್ಕೈದು ಗಂಟೆ ಹಾಕುವವರಿಗೆ ಬಡ್‌ಗಿಂತ ಲಾಭದ ಬಾಬತ್ತು. ಕರಾವಳಿಯವರಿಗೆ ಒಂದು ಮಾತು: ಕಿವಿ ಮೆತ್ತೆಯ ಮೇಲಿನ ಕೃತಕ ಚರ್ಮ ಮಂಗಳೂರು, ಕಾರವಾರದ ತೇವಕ್ಕೆ ಬೇಗ ಸಿಪ್ಪೆ ಏಳುತ್ತದೆ. ಮೆತ್ತೆ ಬೇರೆಯಾಗಿ ಸಿಗುವ ಮಾದರಿಯನ್ನೇ ಕೊಳ್ಳಿ.

ಡಬ್ಬಿಯ ಅಂಕಿ ಓದುವುದು

ಬ್ಯಾಟರಿಯಿಂದ ಶುರು ಮಾಡೋಣ. 50 ಗಂಟೆ ಎಂದರೆ ಬಡ್ ಮತ್ತು ಕೇಸ್ ಎರಡೂ ಸೇರಿದ ಲೆಕ್ಕ. ಕೇಸಿನೊಳಗೆ ಮತ್ತೆ ಮತ್ತೆ ಇಟ್ಟು ಚಾರ್ಜ್ ಮಾಡಿದರೆ ಅಷ್ಟು. ಕಿವಿಯಲ್ಲಿ ಒಮ್ಮೆ ಇಟ್ಟರೆ ಎಷ್ಟು ಗಂಟೆ ಎಂಬುದು ಡಬ್ಬಿಯ ಹಿಂಬದಿ ಸಣ್ಣಕ್ಷರದಲ್ಲಿರುತ್ತದೆ: ಆರು, ಏಳು, ಎಂಟು. ಆ ಅಳತೆಯೂ ಅರ್ಧ ವಾಲ್ಯೂಮಿನಲ್ಲಿ, ಎಎನ್‌ಸಿ (ಹೊರಗಿನ ಸದ್ದು ತಗ್ಗಿಸುವ ವ್ಯವಸ್ಥೆ) ಆಫ್ ಮಾಡಿ, ಬರೀ ಹಾಡು ಕೇಳಿದಾಗಿನದು. ಎಎನ್‌ಸಿ ಹಾಕಿದರೆ, ಕರೆಯಲ್ಲಿ ಮೈಕ್ ಓಡಿದರೆ ಇನ್ನೂ ಇಳಿಯುತ್ತದೆ. ಹೊಸದರಲ್ಲಿ ಕರೆಗೆ ನಾಲ್ಕು ಗಂಟೆ ಬರುವ ಬಡ್ ಎರಡು ವರ್ಷದ ನಂತರ ಎರಡೂವರೆಗೆ ಬಂದು ನಿಲ್ಲುವುದು ಸಹಜ, ಲಿಥಿಯಂ ಸೆಲ್ ಚಿಕ್ಕದಾದಷ್ಟೂ ದಿನಾ ಪೂರ್ತಿ ಖಾಲಿಯಾಗಿ ತುಂಬುವುದರಿಂದ. ಹಾಗಾಗಿ ನಿಮಗೆ ಒಂದೇ ಪಟ್ಟಿಗೆ ಎಷ್ಟು ಹೊತ್ತು ಬೇಕೋ ಅದರ ಎರಡರಷ್ಟು ಬರುವುದನ್ನು ಕೊಳ್ಳಿ.

ಇನ್ನು ಎಎನ್‌ಸಿ ಮತ್ತು ಇಎನ್‌ಸಿ. ಅಂಗಡಿಯವರೂ ಎಷ್ಟೋ ಸಲ ಇವನ್ನು ಕಲಸಿ ಹೇಳುತ್ತಾರೆ. ಎಎನ್‌ಸಿ ನಿಮ್ಮ ಕಿವಿಗೆ: ಹೊರಗಿನ ಸದ್ದನ್ನು ಬಡ್‌ನ ಮೈಕ್ ಹಿಡಿದು, ಅದಕ್ಕೆ ವಿರುದ್ಧವಾದ ಅಲೆಯನ್ನು ಒಳಗೆ ಹೊಮ್ಮಿಸಿ ರದ್ದು ಮಾಡುತ್ತದೆ. ಇಎನ್‌ಸಿ ಆ ಕಡೆಯವರ ಕಿವಿಗೆ: ಕರೆಯಲ್ಲಿ ನಿಮ್ಮ ಸುತ್ತಲಿನ ಗದ್ದಲವನ್ನು ಜರಡಿ ಹಿಡಿದು ಮಾತನ್ನಷ್ಟೇ ಕಳಿಸುತ್ತದೆ. ಇಎನ್‌ಸಿ ಎಂದು ಬರೆದ ಎಂಟುನೂರು ರೂಪಾಯಿ ಬಡ್ ಕೊಂಡು "ಬಸ್ ಸದ್ದು ಕಮ್ಮಿನೇ ಆಗ್ಲಿಲ್ಲ" ಎನ್ನುವವರು ಬೇಕಾದಷ್ಟು ಜನ.

ಎಎನ್‌ಸಿಗೂ ಮಿತಿ ಇದೆ. ಅದು ಚೆನ್ನಾಗಿ ತಗ್ಗಿಸುವುದು ಕೆಳಸ್ತರದ, ಒಂದೇ ಸಮನೆ ಬರುವ ಗುಂಯ್ ಸದ್ದನ್ನು: ಬಸ್ ಎಂಜಿನ್, ರೈಲು, ಎಸಿ, ಫ್ಯಾನ್. ಹಾರನ್, ಕುಕ್ಕರ್ ಸೀಟಿ, ಪಕ್ಕದ ಸೀಟಿನವರ ಮಾತು, ನಾಯಿ ಬೊಗಳುವುದು ಅದರಿಂದ ಹೆಚ್ಚೇನೂ ತಗ್ಗುವುದಿಲ್ಲ. ಡಬ್ಬಿಯ ಮೇಲಿನ "32 ಡಿಬಿ", "45 ಡಿಬಿ" ಎಲ್ಲ ಯಾವುದೋ ಒಂದು ಸ್ವರದಲ್ಲಿ ಸಿಕ್ಕ ಗರಿಷ್ಠ ಅಂಕಿ. ಎರಡು ಸಾವಿರಕ್ಕಿಂತ ಕೆಳಗಿನ ಎಎನ್‌ಸಿ ಹೆಸರಿಗಷ್ಟೇ. ಆ ಹಣಕ್ಕೆ ಎಎನ್‌ಸಿ ಇಲ್ಲದ, ಕಿವಿಗೆ ಬಿಗಿಯಾಗಿ ಕೂರುವ ಬಡ್ ಕೊಂಡರೆ ಹೊರಗಿನ ಸದ್ದು ಅದಕ್ಕಿಂತ ಹೆಚ್ಚು ತಗ್ಗುತ್ತದೆ.

ಡ್ರೈವರ್ (ಒಳಗಿನ ಪುಟ್ಟ ಸ್ಪೀಕರ್) ಅಳತೆ: ಬಿಟ್ಟುಬಿಡಿ. 13 ಎಂಎಂ 10 ಎಂಎಂಗಿಂತ ಒಳ್ಳೆಯದು ಎಂಬ ನಿಯಮ ಇಲ್ಲ.

ಬ್ಲೂಟೂತ್ 5.0 ಮೇಲಿನದು ಯಾವುದಾದರೂ ಸರಿ. ಕೋಡೆಕ್ (ಬ್ಲೂಟೂತ್‌ನಲ್ಲಿ ಹಾಡನ್ನು ಕುಗ್ಗಿಸಿ ಕಳಿಸುವ ಬಗೆ) ವಿಷಯದಲ್ಲಿ, ಐಫೋನ್ ಎಸ್‌ಬಿಸಿ ಮತ್ತು ಎಎಸಿ ಎರಡನ್ನೇ ಬಳಸುತ್ತದೆ, ಹಾಡಿನ ವಿವರ ಹೆಚ್ಚು ಕಳಿಸುವ ಎಲ್‌ಡ್ಯಾಕ್ ಕೋಡೆಕ್ ಇರುವ ಬಡ್‌ಗೆ ಐಫೋನಿನವರು ಹೆಚ್ಚು ಹಣ ಕೊಡುವುದು ದಂಡ. ಆಂಡ್ರಾಯ್ಡ್‌ನಲ್ಲೂ ಎಲ್‌ಡ್ಯಾಕ್ ಗರಿಷ್ಠ 990 ಕೆಬಿಪಿಎಸ್‌ನಲ್ಲಿ ಓಡಿಸಿದರೆ ಜನಸಂದಣಿಯ ಜಾಗದಲ್ಲಿ ಧ್ವನಿ ತುಂಡರಿಸುತ್ತದೆ, ಬ್ಯಾಟರಿಯೂ ಬೇಗ ಇಳಿಯುತ್ತದೆ. ಈ ಬೆಲೆಯ ಬಡ್‌ನಲ್ಲಿ ಎಸ್‌ಬಿಸಿಗೂ ಅದಕ್ಕೂ ವ್ಯತ್ಯಾಸ ಗುರುತಿಸುವುದೇ ಕಷ್ಟ.

ಲೇಟೆನ್ಸಿ, ಅಂದರೆ ಧ್ವನಿ ತಡವಾಗಿ ಬರುವುದು, ಗೇಮ್ ಆಡುವವರಿಗೆ ಮಾತ್ರ ತಲೆನೋವು. ವಿಡಿಯೊ ನೋಡುವಾಗ ಆ್ಯಪ್ ತಾನೇ ಚಿತ್ರವನ್ನು ಸ್ವಲ್ಪ ತಡೆದು ತುಟಿಗೆ ಮಾತು ಹೊಂದಿಸುತ್ತದೆ. ಗೇಮ್‌ನಲ್ಲಿ ಹಾಗೆ ಮಾಡುವಂತಿಲ್ಲ, ಗುಂಡು ಹಾರಿದ ಮೇಲೆ ಸದ್ದು ಬರುತ್ತದೆ. ಗೇಮ್ ಮೋಡ್ ಇರುವುದನ್ನು ನೋಡಿ, ಇಲ್ಲವೇ ವೈರ್ ಹಾಕಿ.

ನೀರು, ಬೆವರಿಗೆ ಐಪಿಎಕ್ಸ್ 4 ಸಾಕು: ಯಾವ ಕಡೆಯಿಂದ ಹನಿ ಸಿಡಿದರೂ ತಡೆದುಕೊಳ್ಳುತ್ತದೆ ಎಂದರ್ಥ. ಎಕ್ಸ್ ಇರುವ ಜಾಗ ಧೂಳಿನದು. ಧೂಳಿಗೆ ಅಂಕಿ ಕೊಟ್ಟಿಲ್ಲ ಎಂದು ಓದಿಕೊಳ್ಳಿ. ಕ್ವಾರಿ, ಕಟ್ಟಡ ಕೆಲಸದ ಧೂಳಿನಲ್ಲಿ ಇರುವವರು ಐಪಿ 55 ಹುಡುಕಬೇಕು. ಈ ಅಂಕಿ ಹೆಚ್ಚಾಗಿ ಬಡ್‌ಗೆ ಮಾತ್ರ, ಕೇಸಿಗಲ್ಲ. ಮಳೆಯಲ್ಲಿ ನೆನೆದ ಬಡ್ ಒರೆಸದೆ ಕೇಸಿಗೆ ಹಾಕಿದರೆ ಹಾಳಾಗುವುದು ಕೇಸ್.

ಕಿವಿಗೆ ಕೂರಿಸುವುದು

"ಬೇಸ್ ಇಲ್ಲ, ತಗಡು ಬಡಿದ ಹಾಗೆ ಕೇಳುತ್ತೆ" ಎಂಬ ದೂರಿನಲ್ಲಿ ಬಹುಪಾಲು ಬಡ್‌ನ ತಪ್ಪಲ್ಲ, ಬಡ್‌ನ ತುದಿಯ ರಬ್ಬರ್ ಟಿಪ್ ಕಿವಿಗೆ ಹೊಂದದಿರುವುದು. ಕಿವಿಯ ತೂತಿಗೂ ರಬ್ಬರ್‌ಗೂ ನಡುವೆ ಕೂದಲೆಳೆ ಸಂದು ಇದ್ದರೂ ಮಂದ್ರದ ಸದ್ದೆಲ್ಲ ಅಲ್ಲಿಂದ ಸೋರಿಹೋಗುತ್ತದೆ. ಡಬ್ಬಿಯಲ್ಲಿ ಸಣ್ಣ, ಮಧ್ಯಮ, ದೊಡ್ಡ ಮೂರು ಜೊತೆ ಟಿಪ್ ಇರುತ್ತವೆ. ಮಧ್ಯಮದ್ದು ಬಡ್‌ಗೆ ಹಾಕಿಯೇ ಬರುತ್ತದೆ. ಮೂರನ್ನೂ ಹಾಕಿ ನೋಡದೆ ತೀರ್ಮಾನಕ್ಕೆ ಬರಬೇಡಿ.

ಬಲಗಿವಿಗೆ ಹಾಕುವಾಗ ಎಡಗೈಯನ್ನು ತಲೆಯ ಹಿಂದಿನಿಂದ ತಂದು ಕಿವಿಯ ಮೇಲ್ತುದಿಯನ್ನು ಮೇಲಕ್ಕೂ ಹಿಂದಕ್ಕೂ ಮೆಲ್ಲಗೆ ಎಳೆಯಿರಿ. ಕಿವಿಯ ದಾರಿ ನೆಟ್ಟಗಾಗುತ್ತದೆ. ಬಡ್ ಒಳಗಿಟ್ಟು ಸ್ವಲ್ಪ ಹಿಂದಕ್ಕೆ ತಿರುಗಿಸಿ, ಕಿವಿ ಬಿಡಿ. ಈಗ ಹಾಡಿಲ್ಲದೆ ನೀವೇ ಜೋರಾಗಿ ಏನಾದರೂ ಹೇಳಿ. ನಿಮ್ಮ ದನಿ ತಲೆಯೊಳಗೆ ಗುಂಯ್ ಎಂದರೆ ಸರಿಯಾಗಿ ಕೂತಿದೆ. ಆಮೇಲೆ ಮೃದಂಗ ಇರುವ ಯಾವುದಾದರೂ ಕಚೇರಿ ಹಚ್ಚಿ, ಎಡಬದಿಯ ತೊಪ್ಪಿಯ ಪೆಟ್ಟು ತುಂಬಿ ಬರಬೇಕು. ಬಡ್ ಒತ್ತಿ ಹಿಡಿದಾಗ ಮಾತ್ರ ಬರುತ್ತಿದ್ದರೆ ಟಿಪ್ ಚಿಕ್ಕದಾಯಿತು, ದೊಡ್ಡದು ಹಾಕಿ. ಹತ್ತು ನಿಮಿಷಕ್ಕೆ ಕಿವಿ ಒಳಗೆ ನೋವು, ನವೆ ಬಂದರೆ ದೊಡ್ಡದಾಯಿತು. ಎರಡೂ ಕಿವಿಗೆ ಒಂದೇ ಅಳತೆ ಆಗಬೇಕೆಂದಿಲ್ಲ. ಎಡಕ್ಕೆ ಮಧ್ಯಮ, ಬಲಕ್ಕೆ ದೊಡ್ಡದು ಹಾಕುವವರು ಬಹಳ.

ಯಾವ ಸಿಲಿಕಾನ್ ಟಿಪ್ಪೂ ನಿಲ್ಲದಿದ್ದರೆ ಫೋಮ್ ಟಿಪ್ ಇದೆ, ಒಂದು ಜೊತೆಗೆ ನೂರಿನ್ನೂರು ರೂಪಾಯಿ. ಬೆರಳಲ್ಲಿ ಹಿಸುಕಿ ಕಿವಿಯಲ್ಲಿಟ್ಟರೆ ಉಬ್ಬಿಕೊಂಡು ಕೂರುತ್ತದೆ. ಕೆಲವು ತಿಂಗಳಿಗೊಮ್ಮೆ ಬದಲಿಸಬೇಕಾಗುತ್ತದೆ. ಕೊಳ್ಳುವ ಮುಂಚೆ ಅದನ್ನು ಹಾಕಿದ ಮೇಲೂ ಕೇಸ್ ಮುಚ್ಚಳ ಮುಚ್ಚುತ್ತದೆಯೇ ನೋಡಿ. ಮುಚ್ಚಳ ಪೂರ್ತಿ ಮುಚ್ಚದೆ ಬಡ್ ರಾತ್ರಿಯೆಲ್ಲ ಫೋನಿಗೆ ಕನೆಕ್ಟ್ ಆಗಿಯೇ ಉಳಿಯುವುದು ಇದರಿಂದಲೇ. ಕಿವಿಯೊಳಗೆ ಏನು ತುರುಕಿದರೂ ಆಗುವುದಿಲ್ಲ ಎನ್ನುವವರಿಗೆ ಟಿಪ್ ಇಲ್ಲದೆ ಹೊರಗೇ ತೂಗುವ ಅರ್ಧ-ಇನ್-ಇಯರ್ ಮಾದರಿ ಸರಿ. ಮನೆಯಲ್ಲಿ ಮಕ್ಕಳ ಕೂಗು, ಕಾಲಿಂಗ್ ಬೆಲ್ ಕೇಳಬೇಕಾದವರಿಗೂ ಅದೇ ಚೆಂದ. ಬಸ್ಸಿನಲ್ಲಿ ಮಾತ್ರ ವಾಲ್ಯೂಮ್ ಏರಿಸಿ ಏರಿಸಿ ಸಾಕಾಗುತ್ತದೆ.

ಕರೆ ಮತ್ತು ಮೀಟಿಂಗ್

ಮೈಕ್ ಪರೀಕ್ಷಿಸುವುದು ಸದ್ದಿಲ್ಲದ ಕೋಣೆಯಲ್ಲಲ್ಲ. ಫ್ಯಾನ್ ಕೆಳಗೆ ನಿಂತು ಒಂದು ಸಲ, ರಸ್ತೆ ಬದಿ ನಿಂತು ಒಂದು ಸಲ ಯಾರಿಗಾದರೂ ಕರೆ ಮಾಡಿ ಅರ್ಧ ನಿಮಿಷ ಮಾತಾಡಿ, ಆ ಕಡೆ ಹೇಗೆ ಕೇಳಿಸಿತು ಎಂದು ವಿಚಾರಿಸಿ. ಮಾತಿನ ಕೊನೆಯಕ್ಷರ ನುಂಗಿಹೋದರೆ ಇಎನ್‌ಸಿ ಅತಿಯಾಗಿ ಜರಡಿ ಹಿಡಿಯುತ್ತಿದೆ ಎಂದರ್ಥ. ಗಾಳಿ ಬೀಸಿದಾಗ ಭರ್ ಎನ್ನುವುದು ಈ ಬೆಲೆಯ ಎಲ್ಲ ಬಡ್‌ಗಳ ಪಾಡು.

ಲ್ಯಾಪ್‌ಟಾಪಿಗೆ ಕನೆಕ್ಟ್ ಮಾಡಿ ಮೀಟಿಂಗ್ ಸೇರಿದ ಕೂಡಲೇ ಒಳ್ಳೆಯ ಧ್ವನಿ ಹಳೇ ಲ್ಯಾಂಡ್‌ಲೈನಿನಂತೆ ಆಗುವುದು ಬಹುತೇಕರ ದೂರು. ಬಡ್ ಕೆಟ್ಟಿಲ್ಲ. ಮೈಕ್ ಆನ್ ಆದೊಡನೆ ಬ್ಲೂಟೂತ್ ಹಾಡಿನ ದಾರಿ ಬಿಟ್ಟು ಕರೆಯ ದಾರಿಗೆ ಬರುತ್ತದೆ, ಅಲ್ಲಿ ಧ್ವನಿ 8 ಅಥವಾ 16 ಕಿಲೋಹರ್ಟ್ಜ್ ಸ್ಯಾಂಪ್ಲಿಂಗ್‌ನ ಮೊನೊ. ಉಪಾಯ ಸುಲಭ: ಮೀಟಿಂಗ್ ಆ್ಯಪ್‌ನ ಸೆಟ್ಟಿಂಗ್‌ನಲ್ಲಿ ಸ್ಪೀಕರ್ ಎಂದು ಬಡ್ ಆರಿಸಿ, ಮೈಕ್ರೊಫೋನ್ ಎಂದು ಲ್ಯಾಪ್‌ಟಾಪಿನದೇ ಆರಿಸಿ. ಎರಡೂ ಕಡೆ ಧ್ವನಿ ಸುಧಾರಿಸುತ್ತದೆ. ಫೋನ್, ಲ್ಯಾಪ್‌ಟಾಪ್ ಎರಡನ್ನೂ ಬಳಸುವವರು ಮಲ್ಟಿಪಾಯಿಂಟ್ (ಒಮ್ಮೆಗೇ ಎರಡಕ್ಕೂ ಕನೆಕ್ಟ್ ಆಗುವ ಅನುಕೂಲ) ಇರುವುದನ್ನೇ ನೋಡಿ.

ದಿನವಿಡೀ ಕರೆ ಇರುವ ಬಡ್ ಬಳಕೆದಾರರಿಗೆ ಇನ್ನೊಂದು: ಒಂದನ್ನು ಕಿವಿಯಲ್ಲಿ, ಇನ್ನೊಂದನ್ನು ಕೇಸಿನಲ್ಲಿ ಇಟ್ಟು ಅದಲು ಬದಲು ಮಾಡುತ್ತಿದ್ದರೆ ಸಂಜೆವರೆಗೂ ಓಡುತ್ತದೆ. ಫೋನನ್ನು ಹಿಂದಿನ ಜೇಬಿನಲ್ಲಿಟ್ಟರೆ ಧ್ವನಿ ಕಡಿಯುತ್ತದೆ, ಬ್ಲೂಟೂತ್ ಅಲೆಯನ್ನು ಮೈಯೊಳಗಿನ ನೀರು ಹೀರುವುದರಿಂದ. ಅಂಗಿ ಜೇಬು ವಾಸಿ.

ಎಲ್ಲಿ ಕೊಳ್ಳುವುದು, ನಕಲಿ ಗುರುತಿಸುವುದು

ಬೆಂಗಳೂರಿನ ಎಸ್‌ಪಿ ರೋಡ್, ಗಾಂಧಿನಗರದ ನ್ಯಾಷನಲ್ ಮಾರ್ಕೆಟ್ಟಿನಲ್ಲಿ ಅಸಲಿಯೂ ಸಿಗುತ್ತದೆ, "ಫಸ್ಟ್ ಕಾಪಿ"ಯೂ ಸಿಗುತ್ತದೆ. ಫಸ್ಟ್ ಕಾಪಿ ಎಂದರೆ ನಕಲಿಯೇ. ಇಪ್ಪತ್ತು ಸಾವಿರದ ಬಡ್‌ನ ಹಾಗೇ ಕಾಣುತ್ತದೆ, ಫೋನ್ ಪರದೆಯ ಮೇಲೆ ಅಸಲಿನಂತೆಯೇ ಚಿತ್ರವೂ ಮೂಡುತ್ತದೆ. ಆದ್ದರಿಂದ ಪರದೆ ನೋಡಿ ನಂಬಬೇಡಿ. ಒಳಗಿನ ಸೆಲ್ ಎಂಥದ್ದೋ, ಅದನ್ನು ಕಿವಿಯೊಳಗೆ ಇಡುವುದು ನೀವು. ಅಂಥ ನಕಲಿಗೆ ಕೊಡುವ ಹದಿನೈದು ನೂರಕ್ಕೆ ಸ್ವಂತ ಹೆಸರಿನ ಅಸಲಿ ಬಡ್ ಬರುತ್ತದೆ.

ಡಬ್ಬಿಯ ಮೇಲೆ ನೋಡಬೇಕಾದ್ದು: ಎಂಆರ್‌ಪಿ, ತಯಾರಾದ ಅಥವಾ ಆಮದಾದ ತಿಂಗಳು ಮತ್ತು ವರ್ಷ, ತಯಾರಾದ ದೇಶ, ಗ್ರಾಹಕರ ದೂರಿನ ಸಂಖ್ಯೆ. ಜೊತೆಗೆ ಬಿಐಎಸ್ (ಭಾರತೀಯ ಮಾನಕ ಬ್ಯೂರೊ) ಗುರುತಿನ ಕೆಳಗೆ ಆರ್ ಅಕ್ಷರದಿಂದ ಶುರುವಾಗುವ ನೋಂದಣಿ ಸಂಖ್ಯೆ. ವೈರ್‌ಲೆಸ್ ಇಯರ್‌ಫೋನಿಗೆ ಈ ನೋಂದಣಿ ಕಡ್ಡಾಯ. "ಬಿಐಎಸ್ ಕೇರ್" ಆ್ಯಪ್‌ನಲ್ಲಿ ಆ ಸಂಖ್ಯೆ ಹಾಕಿದರೆ ಯಾರ ಹೆಸರಿನಲ್ಲಿದೆ ಎಂದು ತೋರಿಸುತ್ತದೆ. ತಯಾರಾದ ತಿಂಗಳನ್ನು ಹೆಚ್ಚಿನವರು ನೋಡುವುದೇ ಇಲ್ಲ. ಸೇಲ್‌ನಲ್ಲಿ ಭಾರೀ ಅಗ್ಗಕ್ಕೆ ಬರುವ ಹಳೇ ಮಾದರಿ ಎರಡು ವರ್ಷ ಗೋಡೌನಿನಲ್ಲಿ ಕೂತದ್ದಾಗಿದ್ದರೆ ಸೆಲ್ ಆಗಲೇ ಸೊರಗಿರಬಹುದು. ವರ್ಷದೊಳಗಿನದು ಇರಲಿ.

4,490 ಎಂದು ಗೀಟು ಹಾಕಿ 1,299 ಎಂದು ತೋರಿಸುವ ಆನ್‌ಲೈನ್ ರಿಯಾಯಿತಿಗೆ ಮರುಳಾಗಬೇಡಿ. ವರ್ಷವಿಡೀ ಅದರ ಬೆಲೆ 1,299ರ ಆಸುಪಾಸೇ ಇರುತ್ತದೆ. ಕಿವಿಯೊಳಗಿನ ವಸ್ತುವಾದ್ದರಿಂದ ಹಿಂದಿರುಗಿಸಿ ಹಣ ಪಡೆಯುವ ಅವಕಾಶ ಹೆಚ್ಚಾಗಿ ಇರುವುದಿಲ್ಲ, ಏಳು ದಿನದೊಳಗೆ ಬದಲಿ ಕೊಡುವುದಷ್ಟೇ. ಆರ್ಡರ್ ಒತ್ತುವ ಮುನ್ನ ಆ ಸಾಲು ಓದಿ. ಡಬ್ಬಿ ಒಡೆಯುವುದನ್ನು ಫೋನಿನಲ್ಲಿ ವಿಡಿಯೊ ಮಾಡಿಕೊಳ್ಳಿ. ಜಿಎಸ್‌ಟಿ ಬಿಲ್ ಇಲ್ಲದೆ ವಾರಂಟಿ ಸಿಗುವುದಿಲ್ಲ. ಬದಲಿ ಕೊಡಲು ಸತಾಯಿಸಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಸರ್ವಿಸ್ ಸೆಂಟರ್ ನಿಮ್ಮ ಜಿಲ್ಲೆಯಲ್ಲಿ ಇದೆಯೋ, ಕೊರಿಯರ್‌ನಲ್ಲೇ ಕಳಿಸಬೇಕೋ ಎಂಬುದನ್ನು ಕೊಳ್ಳುವ ಮೊದಲೇ ಕಂಪನಿಯ ವೆಬ್‌ಸೈಟಿನಲ್ಲಿ ನೋಡಿಕೊಳ್ಳಿ.

ಆ ಏಳು ದಿನವನ್ನು ಪೂರ್ತಿ ಬಳಸಿ. ಮೊದಲ ದಿನ ಬಡ್ ಪೂರ್ತಿ ಚಾರ್ಜ್ ಮಾಡಿ ಖಾಲಿಯಾಗುವವರೆಗೆ ಓಡಿಸಿ, ಎಡ ಬಲ ಒಂದೇ ಹೊತ್ತಿಗೆ ಮುಗಿಯುತ್ತವೆಯೇ ನೋಡಿ. ಒಂದು ಬದಿ ಒಂದು ಗಂಟೆ ಮುಂಚೆ ಮುಗಿದರೆ ಬದಲಿಸಿಕೊಳ್ಳಿ, ಮುಂದೆ ಅದು ಸರಿಯಾಗುವುದಿಲ್ಲ. ಹಾಡಿಗೆ ತಂಬೂರಿಯ ಶ್ರುತಿ ಒಂದೇ ಸಮನೆ ಹಚ್ಚಿ ಕೇಳಿ: ಎರಡು ಕಿವಿಯಲ್ಲೂ ಸಮವಾಗಿ ಕೇಳಿ ತಲೆಯ ನಡುವೆ ನಿಲ್ಲಬೇಕು. ಯಕ್ಷಗಾನದ ರೆಕಾರ್ಡಿಂಗ್ ಇದ್ದರೆ ಇನ್ನೂ ಒಳ್ಳೆಯದು. ಏರು ಪದದಲ್ಲಿ ಚಂಡೆ ಕಿವಿ ಕುಟುಕಿದರೆ ಆ ಬಡ್‌ನಲ್ಲಿ ಮೇಲ್ಸ್ವರ ಅತಿಯಾಗಿದೆ. ವಾರ್ತೆ ಓದುವವರ ಸ, ಶ ಅಕ್ಷರಗಳು ಸೀಟಿ ಹೊಡೆದಂತೆ ಕೇಳುತ್ತವೆಯೇ ಎಂಬುದೂ ಅದೇ ಪರೀಕ್ಷೆ. ಸ್ವಲ್ಪ ಹೆಚ್ಚಿದ್ದರೆ ಆ್ಯಪ್‌ನ ಈಕ್ವಲೈಜರ್‌ನಲ್ಲಿ ಇಳಿಸಬಹುದು.

ವಾಲ್ಯೂಮ್

ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ದೊಡ್ಡವರಿಗೆ 80 ಡೆಸಿಬೆಲ್ ಸದ್ದನ್ನು ವಾರಕ್ಕೆ 40 ಗಂಟೆ ಕೇಳಬಹುದು. ಪ್ರತಿ 3 ಡೆಸಿಬೆಲ್ ಏರಿದಾಗ ಹೊತ್ತು ಅರ್ಧಕ್ಕೆ ಇಳಿಯುತ್ತದೆ: 90ಕ್ಕೆ ಬಂದರೆ ವಾರಕ್ಕೆ ನಾಲ್ಕೇ ಗಂಟೆ. ಮಕ್ಕಳಿಗೆ 75ರ ಮಿತಿ. ಬಸ್ಸಿನಲ್ಲಿ ಸಡಿಲ ಬಡ್ ಹಾಕಿದವರು ತಮಗರಿಯದೆ ದಾಟುವುದು ಈ ಗೆರೆಯನ್ನೇ. ಟಿಪ್ ಸರಿಯಾಗಿ ಕೂತರೆ ಅರ್ಧ ವಾಲ್ಯೂಮೇ ಸಾಕಾಗುತ್ತದೆ. ಬೈಕ್, ಸ್ಕೂಟರ್ ಓಡಿಸುವಾಗ ಹೆಲ್ಮೆಟ್ ಒಳಗೆ ಬಡ್ ಬೇಡವೇ ಬೇಡ.

ಕೆಡುವುದು, ಸರಿಮಾಡುವುದು

ಒಂದು ಬದಿಯಲ್ಲಿ ಧ್ವನಿ ಸಣ್ಣಗಾಯಿತು ಎಂದರೆ ಹತ್ತರಲ್ಲಿ ಎಂಟು ಸಲ ಜಾಲರಿಯಲ್ಲಿ ಗುಗ್ಗೆ ಕಟ್ಟಿರುತ್ತದೆ. ಟಿಪ್ ಕಳಚಿ ಸೋಪಿನ ನೀರಲ್ಲಿ ತೊಳೆದು ಪೂರ್ತಿ ಒಣಗಿಸಿ. ಬಡ್‌ನ ಬಾಯಿ ಕೆಳಮುಖ ಮಾಡಿ ಹಿಡಿದು ಒಣ ಹಲ್ಲುಜ್ಜುವ ಬ್ರಷ್‌ನಿಂದ ಮೆಲ್ಲಗೆ ಉಜ್ಜಿ, ಪುಡಿ ಹೊರಗೆ ಬೀಳಲಿ. ಮೇಲ್ಮುಖವಾಗಿ ಹಿಡಿದರೆ ಒಳಗೆ ಇಳಿಯುತ್ತದೆ. ಸೂಜಿ, ಪಿನ್ನು ಹಾಕಬೇಡಿ, ಜಾಲರಿ ಹರಿದರೆ ಮುಗಿಯಿತು.

ಒಂದು ಬಡ್ ಕನೆಕ್ಟ್ ಆಗುತ್ತಲೇ ಇಲ್ಲ ಎಂದರೆ ಮೊದಲು ಅದು ಚಾರ್ಜ್ ಆಗುತ್ತಿದೆಯೇ ನೋಡಿ. ಬೆವರಿನ ಉಪ್ಪು ಬಡ್‌ನ ತಾಮ್ರದ ಚುಕ್ಕಿಗಳ ಮೇಲೆ, ಕೇಸಿನೊಳಗಿನ ಪಿನ್ನುಗಳ ಮೇಲೆ ಹಸಿರು ಕಿಲುಬು ಕಟ್ಟಿರುತ್ತದೆ. ಹತ್ತಿ ಕಡ್ಡಿಗೆ ಐಸೊಪ್ರೊಪೈಲ್ ಆಲ್ಕೊಹಾಲ್ ಒಂದು ಹನಿ ಹಾಕಿ ಒರೆಸಿ. ಆದರೂ ಬಾರದಿದ್ದರೆ ಫೋನಿನ ಬ್ಲೂಟೂತ್ ಪಟ್ಟಿಯಿಂದ ಆ ಹೆಸರು ಅಳಿಸಿ, ಎರಡೂ ಬಡ್ ಕೇಸಿನಲ್ಲಿಟ್ಟು ಮುಚ್ಚಳ ತೆರೆದು ಕೇಸಿನ ಬಟನ್ ಹತ್ತು ಸೆಕೆಂಡ್ ಒತ್ತಿ ಹಿಡಿಯಿರಿ. ಬಟನ್ ಇಲ್ಲದ ಮಾದರಿಗೆ ಕೈಪಿಡಿ ನೋಡಿ. ಎಡ ಬಲ ಮತ್ತೆ ಒಂದಕ್ಕೊಂದು ಜೊತೆಯಾದ ಮೇಲೆ ಫೋನಿಗೆ ಕನೆಕ್ಟ್ ಮಾಡಿ.

ಕೇಸ್ ಚಾರ್ಜೇ ಆಗುತ್ತಿಲ್ಲ ಎಂದು ಸರ್ವಿಸ್ ಸೆಂಟರಿಗೆ ಓಡುವ ಮುಂಚೆ ಕೇಬಲ್ ಬದಲಿಸಿ ನೋಡಿ. ಅಗ್ಗದ ಕೆಲವು ಕೇಸುಗಳಲ್ಲಿ ಟೈಪ್-ಸಿ ಪೋರ್ಟ್ ಇದ್ದರೂ ಎರಡೂ ತುದಿ ಟೈಪ್-ಸಿ ಇರುವ ಕೇಬಲ್ಲಿಗೆ ಬೇಕಾದ ಸಣ್ಣ ರೆಸಿಸ್ಟರುಗಳನ್ನು ಹಾಕಿರುವುದಿಲ್ಲ. ಚಾರ್ಜರ್ ಅದನ್ನು ಗುರುತಿಸುವುದೇ ಇಲ್ಲ, ಕರೆಂಟ್ ಬಿಡುವುದಿಲ್ಲ. ಒಂದು ತುದಿ ಹಳೇ ಚಪ್ಪಟೆ ಯುಎಸ್‌ಬಿ ಇರುವ ಕೇಬಲ್ ಹಾಕಿದರೆ ತಕ್ಷಣ ದೀಪ ಹೊತ್ತುತ್ತದೆ. ಡಬ್ಬಿಯಲ್ಲಿ ಬಂದ ಗಿಡ್ಡ ಕೇಬಲ್ ಎಸೆಯಬಾರದು ಎನ್ನುವುದು ಇದಕ್ಕೇ.

ಬಿಸಿಲಿಗೆ ನಿಲ್ಲಿಸಿದ ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಕೇಸ್ ಬಿಟ್ಟು ಹೋಗಬೇಡಿ. ಬಡ್‌ನ ಸೆಲ್ ಬದಲಿಸುವುದು ಈ ಬೆಲೆಯಲ್ಲಿ ಗಿಟ್ಟುವುದಿಲ್ಲ. ನೆಕ್‌ಬ್ಯಾಂಡಿನದು ಮೊಬೈಲ್ ರಿಪೇರಿಯವರು ಬೆಸುಗೆ ಹಾಕಿ ಬದಲಿಸಿಕೊಡುತ್ತಾರೆ, ಅದೇ ಅಳತೆಯ ಸೆಲ್ ಸಿಕ್ಕರೆ. ಪಟ್ಟಿಯ ತುದಿ ಉಬ್ಬಿ ಜೋಡಣೆ ಬಾಯಿ ಬಿಟ್ಟಿದ್ದರೆ ಅದನ್ನು ಮತ್ತೆ ಚಾರ್ಜಿಗೆ ಹಾಕದೆ, ಕಸದ ಬುಟ್ಟಿಗೂ ಹಾಕದೆ, ಇ-ತ್ಯಾಜ್ಯ ಸಂಗ್ರಹಿಸುವವರಿಗೆ ಕೊಡಿ.